ಮೊದಲ ಸೂಜಿ ತನ್ನ ಮೈಗೆ: ವಾಲ್ಡೆಮಾರ್ ಹಾಫ್‌ಕಿನ್



2020ರ ಮಾರ್ಚ್ ತಿಂಗಳನ್ನು ನೀವು ಮರೆತಿರಲಾರಿರಿ. ಶಾಲೆಗಳ ಬಾಗಿಲು ಮುಚ್ಚಿತು. ಬಸ್ಸು, ರೈಲುಗಳು ನಿಂತವು. ಮಸೀದಿಗಳಲ್ಲಿ ಸಾಲು ಸಾಲಾಗಿ ನಿಂತು ನಮಾಝ್ ಮಾಡುವುದೂ ಸಾಧ್ಯವಾಗದ ದಿನಗಳು ಬಂದವು. ಮರುವರ್ಷ ಲಸಿಕೆ ಬಂದಾಗ ನಿಮ್ಮ ಮನೆಯಲ್ಲೂ ಚರ್ಚೆ ನಡೆದಿರಬಹುದು. ಹಾಕಿಸಿಕೊಳ್ಳಬೇಕೇ, ಬೇಡವೇ? ಯಾರೋ ಒಬ್ಬರು ಹೆದರಿಸಿದರು, ಇನ್ನೊಬ್ಬರು ಧೈರ್ಯ ಹೇಳಿದರು. ಕೊನೆಗೆ ಮನೆಯ ಹಿರಿಯರೋ, ಊರಿನ ಪರಿಚಯದ ವೈದ್ಯರೋ ಮೊದಲು ಹಾಕಿಸಿಕೊಂಡ ಮೇಲೆ ಉಳಿದವರು ಹಿಂದೆ ಹೊರಟರು.

ಇದೇ ಪ್ರಶ್ನೆ 1897ರಲ್ಲಿ ಮುಂಬಯಿಯ ಜನರ ಮುಂದಿತ್ತು. ಆಗ ಬಂದದ್ದು ಪ್ಲೇಗು. ಲಸಿಕೆ ತಯಾರಿಸಿದವರು ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿದ ಒಬ್ಬ ಯಹೂದಿ. ಅವರು ವಿದ್ಯೆ ಕಲಿತದ್ದು ಒಡೆಸ್ಸಾದಲ್ಲಿ, ಪಳಗಿದ್ದು ಪ್ಯಾರಿಸ್ಸಿನಲ್ಲಿ, ಕೆಲಸ ಮಾಡಿದ್ದು ಬ್ರಿಟಿಷರ ಆಳ್ವಿಕೆಯ ಭಾರತದಲ್ಲಿ. ಅವರ ಕೈಹಿಡಿದವರಲ್ಲಿ ಒಬ್ಬರು ಇಪ್ಪತ್ತರ ಹರೆಯದ ಮುಸ್ಲಿಂ ನಾಯಕ. ಪ್ರಪಂಚವನ್ನೇ ಆವರಿಸುವ ರೋಗವನ್ನು ಎದುರಿಸಲು ದೇಶ ದೇಶಗಳು ಕೈಜೋಡಿಸಬೇಕು ಎಂದು ನಾವು ಈಗ ಸಭೆಗಳಲ್ಲಿ ಕೇಳುತ್ತೇವೆ. ಕೈಜೋಡಿಸುವುದು ಎಂದರೆ ನಿಜವಾಗಿ ಏನು ಎಂಬುದನ್ನು ಈ ಒಬ್ಬ ಮನುಷ್ಯನ ಬದುಕಿನಿಂದ ತಿಳಿಯಬಹುದು. ಅವರೇ ವಾಲ್ಡೆಮಾರ್ ಹಾಫ್‌ಕಿನ್.

ಒಡೆಸ್ಸಾದ ಹುಡುಗ

ಹಾಫ್‌ಕಿನ್ 1860ರ ಮಾರ್ಚ್ 15ರಂದು ಕಪ್ಪು ಸಮುದ್ರದ ದಡದ ಒಡೆಸ್ಸಾ ನಗರದಲ್ಲಿ ಹುಟ್ಟಿದರು. ಅಂದು ಅದು ರಷ್ಯಾದ ಚಕ್ರವರ್ತಿಗಳ ಆಳ್ವಿಕೆಗೆ ಸೇರಿತ್ತು; ಇಂದು ಉಕ್ರೇನ್ ದೇಶದಲ್ಲಿದೆ. ಯಹೂದಿ ಕುಟುಂಬಗಳಿಗೆ ಅಲ್ಲಿ ಉನ್ನತ ಶಿಕ್ಷಣದ ದಾರಿ ಸುಲಭವಾಗಿರಲಿಲ್ಲ. ಆದರೂ ಹುಡುಗ ಓದಿನಲ್ಲಿ ಚುರುಕಾಗಿದ್ದ. ಒಡೆಸ್ಸಾದ ವಿಶ್ವವಿದ್ಯಾಲಯ ಸೇರಿ ಪ್ರಾಣಿಶಾಸ್ತ್ರವನ್ನು ಆರಿಸಿಕೊಂಡ. ಅಲ್ಲಿ ಅವನಿಗೆ ದೊರೆತ ಗುರು ಇಲ್ಯಾ ಮೆಚ್ನಿಕಾಫ್. ದೇಹದ ರೋಗನಿರೋಧಕ ಶಕ್ತಿಯ ಬಗ್ಗೆ ನಡೆಸಿದ ಸಂಶೋಧನೆಗೆ 1908ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡವರು ಇವರೇ.

1881ರಲ್ಲಿ ರಷ್ಯಾದ ಅನೇಕ ಊರುಗಳಲ್ಲಿ ಯಹೂದಿಗಳ ಮೇಲೆ ದಾಳಿಗಳು ನಡೆದವು. ಒಡೆಸ್ಸಾದಲ್ಲಿ ತನ್ನ ಜನರ ಮನೆಗಳನ್ನು ಕಾಯಲು ನಿಂತ ಯುವಕರಲ್ಲಿ ಹಾಫ್‌ಕಿನ್ ಕೂಡ ಒಬ್ಬರು. ಅವರು ಗಾಯಗೊಂಡರು, ಸೆರೆಯಾದರು. ಗುರುವಿನ ಸಹಾಯದಿಂದ ಬಿಡುಗಡೆಯಾಯಿತು. ಪದವಿ ಮುಗಿದ ಮೇಲೆ ಅಧ್ಯಾಪಕ ಹುದ್ದೆ ಸಿಗಬೇಕಾದರೆ ಧರ್ಮ ಬದಲಿಸಬೇಕಾಗಿತ್ತು. ಅವರು ಅದಕ್ಕೆ ಒಪ್ಪಲಿಲ್ಲ. ಹುದ್ದೆಯ ಆಸೆ ಬಿಟ್ಟು 1888ರಲ್ಲಿ ಸ್ವದೇಶವನ್ನೇ ತೊರೆದು ಜಿನೀವಾಕ್ಕೆ ಹೋದರು.

ಮರುವರ್ಷ ಅವರು ಪ್ಯಾರಿಸ್ ತಲುಪಿದರು. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ ಅವರ ಹೆಸರಿನ ಸಂಸ್ಥೆ ಆಗಷ್ಟೇ ಅಲ್ಲಿ ಆರಂಭವಾಗಿತ್ತು. ಮೆಚ್ನಿಕಾಫ್ ಕೂಡ ಅಲ್ಲಿಗೆ ಬಂದಿದ್ದರು. ಆದರೆ ಖಾಲಿ ಇದ್ದದ್ದು ಗ್ರಂಥಾಲಯದ ಸಹಾಯಕನ ಹುದ್ದೆ ಮಾತ್ರ. ಹಾಫ್‌ಕಿನ್ ಅದನ್ನೇ ಒಪ್ಪಿಕೊಂಡರು. ಕೆಲಸದ ಹೊತ್ತಿನಲ್ಲಿ ಪುಸ್ತಕಗಳನ್ನು ನೋಡಿಕೊಂಡು, ಬಿಡುವಿನ ಹೊತ್ತಿನಲ್ಲಿ ಪ್ರಯೋಗಾಲಯದಲ್ಲಿ ದುಡಿದರು. ತನ್ನ ಅರ್ಹತೆಗೆ ತಕ್ಕ ಕೆಲಸ ಸಿಗಲಿಲ್ಲವೆಂದು ಮನೆಯಲ್ಲಿ ಕುಳಿತಿರುವ ವಿದ್ಯಾರ್ಥಿ ಮಿತ್ರರು ಈ ಘಟ್ಟವನ್ನು ಗಮನಿಸಬೇಕು. ಬಾಗಿಲ ಬಳಿ ಸಿಕ್ಕ ಸಣ್ಣ ಜಾಗದಿಂದಲೇ ಅವರು ಒಳಗಿನ ಕೋಣೆಗೆ ದಾರಿ ಮಾಡಿಕೊಂಡರು.

ಕಾಲರಾ ಮತ್ತು ಕಲ್ಕತ್ತ

ಅದು ಕಾಲರಾ ಪ್ರಪಂಚವನ್ನು ಸುತ್ತುತ್ತಿದ್ದ ಕಾಲ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರವೊಂದರಲ್ಲೇ ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಜರ್ಮನಿಯ ರಾಬರ್ಟ್ ಕಾಕ್ ಅವರು ಈಜಿಪ್ಟ್ ಮತ್ತು ಕಲ್ಕತ್ತಗಳಿಗೆ ಬಂದು 1883-84ರಲ್ಲಿ ಈ ರೋಗದ ಜೀವಾಣುವನ್ನು ತೋರಿಸಿಕೊಟ್ಟಿದ್ದರು. ಕಾಕ್ ತಿಳಿಸಿದ್ದನ್ನು ಹಿಡಿದು, ಪಾಶ್ಚರ್ ತೋರಿಸಿದ ದಾರಿಯಲ್ಲಿ ಹಾಫ್‌ಕಿನ್ ಮುಂದೆ ನಡೆದರು. ಆ ಕಾಲದಲ್ಲಿ ಜರ್ಮನಿ ಮತ್ತು ಫ್ರಾನ್ಸ್ ಒಂದಕ್ಕೊಂದು ಬದ್ಧ ವೈರಿಗಳು ಎಂಬುದನ್ನು ಇಲ್ಲಿ ನೆನಪಿಡಿ.

ಪ್ರಾಣಿಗಳ ಮೇಲೆ ಲಸಿಕೆಯ ಪ್ರಯೋಗ ಯಶಸ್ವಿಯಾಯಿತು. ಮನುಷ್ಯನ ಮೇಲೆ ಪ್ರಯೋಗಿಸಲು ಯಾರನ್ನು ಕರೆಯುವುದು? 1892ರ ಜುಲೈ 18ರಂದು ಹಾಫ್‌ಕಿನ್ ತಮಗೇ ಚುಚ್ಚಿಕೊಂಡರು. ಜ್ವರ ಬಂದು ಇಳಿಯಿತು. ಆಮೇಲೆ ಕೆಲವು ಮಿತ್ರರು ಮುಂದೆ ಬಂದರು. ತಾನು ಮೊದಲು ಹಾಕಿಸಿಕೊಳ್ಳದ ಮದ್ದನ್ನು ಬೇರೆಯವರಿಗೆ ಹಾಕಬಾರದೆಂಬ ಈ ನಿಯಮವನ್ನು ಅವರು ಮುಂದೆಯೂ ಪಾಲಿಸಿದರು.

ಹುಟ್ಟಿದ ದೇಶ ಅವರ ಲಸಿಕೆಯನ್ನು ಬೇಡವೆಂದಿತು. ಆಗ ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದವರು ಲಾರ್ಡ್ ಡಫ್ರಿನ್. ಹಿಂದೆ ಭಾರತದ ವೈಸರಾಯ್ ಆಗಿದ್ದ ಅವರಿಗೆ ಇಲ್ಲಿನ ಕಾಲರಾ ಹಾವಳಿಯ ಅರಿವಿತ್ತು. ಅವರ ನೆರವಿನಿಂದ ಹಾಫ್‌ಕಿನ್ 1893ರ ಮಾರ್ಚ್‌ನಲ್ಲಿ ಕಲ್ಕತ್ತಕ್ಕೆ ಬಂದಿಳಿದರು.

ಇಲ್ಲಿ ಅವರಿಗೆ ಸ್ವಾಗತವೇನೂ ಕಾದಿರಲಿಲ್ಲ. ಸರ್ಕಾರಿ ವೈದ್ಯರಿಗೆ, ವೈದ್ಯನೇ ಅಲ್ಲದ ಈ ಪ್ರಾಣಿಶಾಸ್ತ್ರಜ್ಞನ ಮೇಲೆ ಅಸಮಾಧಾನ. ಆಡಳಿತದಲ್ಲಿ ಕೆಲವರಿಗೆ ಇವನು ರಷ್ಯಾದ ಗೂಢಚಾರನಿರಬಹುದೇ ಎಂಬ ಗುಮಾನಿ. ಜನರಿಗೆ ಸೂಜಿಯ ಭಯ. ಆದರೂ ಮೊದಲ ವರ್ಷದಲ್ಲೇ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಅವರು ಚುಚ್ಚುಮದ್ದು ನೀಡಿದರು. ಯಾರನ್ನೂ ಬಲವಂತಪಡಿಸಲಿಲ್ಲ. 1894ರ ಮಾರ್ಚ್‌ನಲ್ಲಿ ಕಲ್ಕತ್ತದ ಒಂದು ಬಸ್ತಿಯಲ್ಲಿ ಕಾಲರಾ ಕಾಣಿಸಿತು. ಸುಮಾರು ಇನ್ನೂರು ಜನರಿದ್ದ ಆ ಬಸ್ತಿಯಲ್ಲಿ 116 ಮಂದಿ ಚುಚ್ಚಿಸಿಕೊಂಡರು. ಆನಂತರ ರೋಗ ಬಿದ್ದವರೆಲ್ಲರೂ ಚುಚ್ಚಿಸಿಕೊಳ್ಳದ ಗುಂಪಿನವರು. ಬಸ್ತಿಯ ಬಡವರಿಗೆ ಯಾವ ಭಾಷಣವೂ ಹೇಳದ ಸತ್ಯವನ್ನು ಈ ಲೆಕ್ಕ ಹೇಳಿತು. ಊರೂರು ಅಲೆದು ಮಲೇರಿಯಾ ಹಿಡಿದು 1895ರಲ್ಲಿ ಅವರು ಯೂರೋಪಿಗೆ ಮರಳಿದರು. ಸ್ವಲ್ಪ ಚೇತರಿಸಿಕೊಂಡವರೇ 1896ರಲ್ಲಿ ಮತ್ತೆ ಭಾರತಕ್ಕೆ ಬಂದರು.

ಮುಂಬಯಿಗೆ ಬಂದ ಪ್ಲೇಗು

1894ರಲ್ಲಿ ಹಾಂಗ್‌ಕಾಂಗ್ ನಗರದಲ್ಲಿ ಪ್ಲೇಗು ಹಬ್ಬಿತ್ತು. ಪಾಶ್ಚರ್ ಸಂಸ್ಥೆಯ ಅಲೆಕ್ಸಾಂಡರ್ ಯೆರ್ಸಿನ್ ಮತ್ತು ಜಪಾನಿನ ಕಿತಸಾತೊ ಅವರು ಅಲ್ಲಿಗೆ ಹೋಗಿ ರೋಗದ ಜೀವಾಣುವನ್ನು ಹುಡುಕಿದ್ದರು. ಹಡಗುಗಳ ಜೊತೆ ಪ್ಲೇಗು ಬಂದರಿನಿಂದ ಬಂದರಿಗೆ ಸಾಗಿತು. 1896ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಮಾಂಡ್ವಿ ಭಾಗದಲ್ಲಿ ಡಾ. ಅಕಾಸಿಯೊ ವೀಗಾಸ್ ಎಂಬ ಗೋವಾ ಮೂಲದ ವೈದ್ಯರು ಇದು ಪ್ಲೇಗು ಎಂದು ಗುರುತಿಸಿದರು. ಜನ ಗಂಟುಮೂಟೆ ಕಟ್ಟಿಕೊಂಡು ನಗರ ಬಿಟ್ಟು ಓಡತೊಡಗಿದರು. ಅವರ ಜೊತೆ ರೋಗವೂ ರೈಲು ಹತ್ತಿತು.

ಅಕ್ಟೋಬರ್‌ನಲ್ಲಿ ಸರ್ಕಾರ ಹಾಫ್‌ಕಿನ್ ಅವರನ್ನು ಮುಂಬಯಿಗೆ ಕರೆಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಅದಕ್ಕೆ ಹೊಂದಿದ ಓಣಿ, ಒಬ್ಬ ಗುಮಾಸ್ತ, ಮೂವರು ಜವಾನರು. ಇಷ್ಟೇ ಅವರ ಪ್ರಯೋಗಾಲಯ. ಜೀವಾಣುಗಳನ್ನು ಬೆಳೆಸುವ ಸಾರಿನ ಮೇಲೆ ಅವರು ನಮ್ಮ ಅಡುಗೆಮನೆಯ ತುಪ್ಪದ ಹನಿಗಳನ್ನು ತೇಲಿಸಿದರು. ಆ ಹನಿಗಳನ್ನು ಹಿಡಿದು ಪ್ಲೇಗಿನ ಜೀವಾಣುಗಳು ಬಿಳಲುಗಳಂತೆ ಕೆಳಕ್ಕೆ ಇಳಿಬಿದ್ದು ಹುಲುಸಾಗಿ ಬೆಳೆದವು. ಹೀಗೆ ಬೆಳೆದ ಜೀವಾಣುಗಳನ್ನು ಕಾಯಿಸಿ ಕೊಂದು, ಕಾರ್ಬಾಲಿಕ್ ಆಮ್ಲ ಸೇರಿಸಿ ಲಸಿಕೆ ಮಾಡಿದರು. ಹಗಲು ರಾತ್ರಿ ದುಡಿದ ಸಹಾಯಕರಲ್ಲಿ ಕೆಲವರು ಬಳಲಿ ಕೆಲಸ ಬಿಟ್ಟು ಹೋದರು. ಡಿಸೆಂಬರ್ ಹೊತ್ತಿಗೆ ಮೊಲಗಳ ಮೇಲಿನ ಪ್ರಯೋಗ ಫಲ ಕೊಟ್ಟಿತು.

1897ರ ಜನವರಿ 10ರಂದು ಅವರು ಮತ್ತೆ ತಮ್ಮ ಮೈಗೇ ಸೂಜಿ ಚುಚ್ಚಿಸಿಕೊಂಡರು. ಮುಂದೆ ಜನರಿಗೆ ಕೊಟ್ಟದ್ದಕ್ಕಿಂತ ಹೆಚ್ಚಿನ ಪ್ರಮಾಣ ಅದು. ಜ್ವರ ಬಂತು, ನೋವು ಬಂತು, ಎರಡೂ ಇಳಿದವು. ಅದೇ ತಿಂಗಳ ಕೊನೆಯಲ್ಲಿ ಬೈಕುಲ್ಲಾ ಸೆರೆಮನೆಗೆ ಪ್ಲೇಗು ನುಗ್ಗಿತು. ಸೆರೆಯಾಳುಗಳಲ್ಲಿ ಸುಮಾರು ಅರ್ಧದಷ್ಟು ಜನ ಸ್ವಂತ ಇಚ್ಛೆಯಿಂದ ಲಸಿಕೆ ಪಡೆದರು. ಆನಂತರದ ದಿನಗಳಲ್ಲಿ ಲಸಿಕೆ ಪಡೆಯದವರಲ್ಲಿ 12 ಮಂದಿಗೆ ರೋಗ ಬಂದು 6 ಮಂದಿ ಸತ್ತರು. ಪಡೆದವರಲ್ಲಿ ಇಬ್ಬರಿಗೆ ರೋಗ ಬಂತು, ಇಬ್ಬರೂ ಉಳಿದರು. ಒಂದೇ ಗೋಡೆಯೊಳಗೆ, ಒಂದೇ ಊಟ ಉಂಡು, ಒಂದೇ ಗಾಳಿ ಉಸಿರಾಡಿದವರಲ್ಲಿ ಕಂಡ ವ್ಯತ್ಯಾಸ ಇದು.

ಜಗತ್ತಿನ ಕಣ್ಣು

ಮುಂಬಯಿಯ ಪ್ಲೇಗು ಕೇವಲ ಮುಂಬಯಿಯದಾಗಿ ಉಳಿಯಲಿಲ್ಲ. 1897ರ ಆರಂಭದಲ್ಲಿ ವೆನಿಸ್ ನಗರದಲ್ಲಿ ಹಲವು ದೇಶಗಳ ಪ್ರತಿನಿಧಿಗಳು ಸಭೆ ಸೇರಿ ಪ್ಲೇಗಿನ ಬಗ್ಗೆ ಒಪ್ಪಂದ ಮಾಡಿಕೊಂಡರು. ತನ್ನಲ್ಲಿ ಪ್ಲೇಗು ಕಂಡರೆ ಉಳಿದ ದೇಶಗಳಿಗೆ ತಿಳಿಸಬೇಕು, ಹಡಗುಗಳನ್ನು ಗೊತ್ತುಪಡಿಸಿದ ರೀತಿಯಲ್ಲಿ ಪರೀಕ್ಷಿಸಬೇಕು ಎಂಬುದು ಅದರ ಸಾರ. ಆ ವರ್ಷ ಭಾರತದಿಂದ ಹಜ್ ಯಾತ್ರೆಗೆ ಬ್ರಿಟಿಷ್ ಸರ್ಕಾರ ತಡೆ ಹಾಕಿತು. ಎಷ್ಟೋ ವರ್ಷಗಳಿಂದ ಕಾಸಿಗೆ ಕಾಸು ಕೂಡಿಟ್ಟು ಹೊರಡಲು ಸಿದ್ಧರಾಗಿದ್ದವರು ಬಂದರಿನಿಂದ ಹಿಂದಿರುಗಿದ ನೋವನ್ನು ನೀವು ಊಹಿಸಬಲ್ಲಿರಿ. 2020ರಲ್ಲಿ ಸೌದಿ ಅರೇಬಿಯಾದ ಹೊರಗಿನಿಂದ ಯಾರೂ ಹಜ್‌ಗೆ ಹೋಗಲಾಗದಿದ್ದಾಗ ನಮ್ಮ ಮನೆಗಳ ಹಿರಿಯರೂ ಅದೇ ನೋವನ್ನು ಉಂಡರು.

ಇನ್ನೊಂದೆಡೆ, ವಿದ್ಯೆಯೂ ಗಡಿ ದಾಟಿ ಬಂತು. 1897ರಲ್ಲಿ ಮುಂಬಯಿಗೆ ಜರ್ಮನಿಯಿಂದ ರಾಬರ್ಟ್ ಕಾಕ್ ಬಂದರು. ಆಸ್ಟ್ರಿಯಾ, ರಷ್ಯಾ ದೇಶಗಳ ತಂಡಗಳು ಬಂದವು. ಯೆರ್ಸಿನ್ ತಮ್ಮ ಸೀರಮ್ ಹಿಡಿದು ಬಂದರು. ಅವರ ನಂತರ ಬಂದ ಫ್ರೆಂಚ್ ವೈದ್ಯ ಪೌಲ್ ಲೂಯಿ ಸಿಮೊಂಡ್, ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆ ಎಂಬುದನ್ನು 1898ರ ಜೂನ್‌ನಲ್ಲಿ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದರು. ಆದರೆ ಅವರ ಮಾತನ್ನು ಹೆಚ್ಚಿನವರು ನಂಬಲಿಲ್ಲ. ಹಲವು ವರ್ಷಗಳ ನಂತರ ಮುಂಬಯಿಯಲ್ಲೇ ನಡೆದ ಸಂಶೋಧನೆಯಿಂದ ಅದು ದೃಢಪಟ್ಟಿತು. ಅಷ್ಟು ದಿನವೂ ಅಧಿಕಾರಿಗಳು ಇಲಿಗಳನ್ನು ಬಿಟ್ಟು ಮನುಷ್ಯರ ಹಿಂದೆಯೇ ಹೆಚ್ಚಾಗಿ ಓಡಿದ್ದರು. ಪಾಠ ಕೈಗೆ ಬಂದರೂ ಅದನ್ನು ಓದದಿದ್ದರೆ ಬೆಲೆ ತೆರುವವರು ಜನಸಾಮಾನ್ಯರೇ.

ಆ ಬೆಲೆ ಸಣ್ಣದಾಗಿರಲಿಲ್ಲ. ಸೈನಿಕರು ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ಹೆಂಗಸರನ್ನು ಪರಪುರುಷರು ಪರೀಕ್ಷಿಸಿದರು. ಸಾಮಾನುಗಳನ್ನು ಸುಟ್ಟರು. 1897ರ ಜೂನ್‌ನಲ್ಲಿ ಪುಣೆಯ ಪ್ಲೇಗು ಅಧಿಕಾರಿ ರಾಂಡ್ ಅವರ ಮೇಲೆ ಗುಂಡು ಹಾರಿತು. 1898ರ ಮಾರ್ಚ್‌ನಲ್ಲಿ ಮುಂಬಯಿಯ ಮುಸ್ಲಿಂ ನೇಕಾರರ ಬಡಾವಣೆಯಲ್ಲಿ, ಕಾಯಿಲೆಯ ಹುಡುಗಿಯೊಬ್ಬಳನ್ನು ಪರೀಕ್ಷಿಸಲು ಬಂದಾಗ ಗಲಭೆ ಎದ್ದಿತು. ಜನರಿಗೆ ಪ್ಲೇಗಿನಷ್ಟೇ ಭಯ ಪ್ಲೇಗು ಅಧಿಕಾರಿಗಳ ಮೇಲೂ ಇತ್ತು. ಇಂಥ ಹೊತ್ತಿನಲ್ಲಿ ಅದೇ ಸರ್ಕಾರದ ನೆರಳಿನಲ್ಲಿದ್ದ ಪರದೇಶಿಯೊಬ್ಬ ಸೂಜಿ ಹಿಡಿದು ಬಂದರೆ ಯಾರು ತಾನೇ ತೋಳು ಕೊಡುತ್ತಾರೆ?

ಆಗಾ ಖಾನರ ಬಂಗಲೆ

ಇಲ್ಲಿ ನಮ್ಮ ಕಥೆಗೆ ಇನ್ನೊಬ್ಬರು ಬರುತ್ತಾರೆ. ಇಸ್ಮಾಯಿಲಿ ಖೋಜಾ ಸಮುದಾಯದ ಇಮಾಮರಾದ ಮೂರನೇ ಆಗಾ ಖಾನ್, ಸುಲ್ತಾನ್ ಮುಹಮ್ಮದ್ ಶಾಹ್. 1877ರಲ್ಲಿ ಕರಾಚಿಯಲ್ಲಿ ಹುಟ್ಟಿದ ಅವರಿಗೆ ಆಗ ಇಪ್ಪತ್ತರ ಆಸುಪಾಸು. ಅವರು ಮಾಡಿದ ಮೊದಲ ಕೆಲಸ ವಿಚಾರಿಸಿ ತಿಳಿದುಕೊಂಡದ್ದು. ಹಾಫ್‌ಕಿನ್ ಅವರ ಹಿಂದಿನ ಕೆಲಸವೇನು, ಫಲಿತಾಂಶವೇನು ಎಂಬುದನ್ನು ಅರಿತರು. ಮನವರಿಕೆಯಾದ ಮೇಲೆ ತಮ್ಮದೊಂದು ದೊಡ್ಡ ಬಂಗಲೆಯನ್ನು, ಖುಶ್ರು ಲಾಜ್ ಎಂಬುದನ್ನು, ಪ್ರಯೋಗಾಲಯಕ್ಕಾಗಿ ಬಿಟ್ಟುಕೊಟ್ಟರು. ಖರ್ಚಿಗೂ ನೆರವಾದರು. ಅಷ್ಟಕ್ಕೇ ನಿಲ್ಲದೆ, ತಮ್ಮ ಜನರ ಎದುರಿನಲ್ಲೇ ಲಸಿಕೆ ಚುಚ್ಚಿಸಿಕೊಂಡರು. ಆ ಸುದ್ದಿ ಎಲ್ಲೆಡೆ ಹರಡುವಂತೆ ನೋಡಿಕೊಂಡರು. ಖೋಜಾ ಸಮುದಾಯದ ಸಾವಿರಾರು ಮಂದಿ ಅವರ ಹಿಂದೆ ಸಾಲುಗಟ್ಟಿದರು. ಲಸಿಕೆ ಪಡೆದ ಅವರಲ್ಲಿ ಸಾವುಗಳು ಕಡಿಮೆಯಾದದ್ದು ಕಣ್ಣಿಗೆ ಕಾಣುವಂತಾಯಿತು.

ಓದುಗರೇ, ಒಂದು ಕ್ಷಣ ಇಲ್ಲಿ ನಿಲ್ಲಿ. ಒಬ್ಬರು ಯಹೂದಿ ವಿಜ್ಞಾನಿ, ಒಬ್ಬರು ಮುಸ್ಲಿಂ ಧರ್ಮಗುರು. ಒಬ್ಬರ ಬಳಿ ವಿದ್ಯೆ ಇತ್ತು, ಜನರ ನಂಬಿಕೆ ಇರಲಿಲ್ಲ. ಇನ್ನೊಬ್ಬರ ಬಳಿ ಜನರ ನಂಬಿಕೆ ಇತ್ತು, ಆ ವಿದ್ಯೆ ಇರಲಿಲ್ಲ. ಇಬ್ಬರೂ ತಮ್ಮಲ್ಲಿದ್ದದ್ದನ್ನು ಕೊಟ್ಟರು. ಅಂತರರಾಷ್ಟ್ರೀಯ ಸಹಕಾರ ಎಂಬ ದೊಡ್ಡ ಮಾತು ಕೊನೆಗೆ ಬಂದು ನಿಲ್ಲುವುದು ಇಂಥ ಒಂದು ಮನೆಯ ಅಂಗಳದಲ್ಲಿ. ಈ ಆಗಾ ಖಾನರೇ ಮುಂದೆ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯಕ್ಕಾಗಿ ನಿಧಿ ಸಂಗ್ರಹಿಸಿದರು. 1937ರಲ್ಲಿ ಜಿನೀವಾದ ಲೀಗ್ ಆಫ್ ನೇಷನ್ಸ್ ಮಹಾಸಭೆಯ ಅಧ್ಯಕ್ಷರೂ ಆದರು.

ಲಸಿಕೆಗೆ ಬೇಡಿಕೆ ಹೆಚ್ಚಿದಂತೆ ಸರ್ಕಾರವೂ ಎಚ್ಚೆತ್ತಿತು. 1899ರ ಆಗಸ್ಟ್‌ನಲ್ಲಿ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಪ್ರಯೋಗಾಲಯ ಸ್ಥಳಾಂತರವಾಯಿತು.

ಹುಬ್ಬಳ್ಳಿ, ಬೆಂಗಳೂರು

ಬರೋಡಾ ಸಂಸ್ಥಾನದ ಉಂಧೇರಾ ಎಂಬ ಹಳ್ಳಿಯಲ್ಲಿ 1898ರಲ್ಲಿ ನಡೆದ ಪ್ರಯೋಗವನ್ನು ವಿಜ್ಞಾನದ ವಿದ್ಯಾರ್ಥಿಗಳು ತಿಳಿದಿರಬೇಕು. ಅಲ್ಲಿ ಪ್ರತಿ ಮನೆಯಲ್ಲೂ ಸುಮಾರು ಅರ್ಧದಷ್ಟು ಜನರಿಗೆ ಲಸಿಕೆ ಹಾಕಿದರು, ಉಳಿದವರನ್ನು ಹಾಗೇ ಬಿಟ್ಟರು. ಹೀಗೆ ಎರಡೂ ಗುಂಪಿನವರು ಒಂದೇ ಸೂರಿನಡಿ ಇದ್ದರು. ಸುಮಾರು ಆರು ವಾರಗಳ ನಂತರ ಲೆಕ್ಕ ಹಾಕಿದಾಗ ಲಸಿಕೆ ಇಲ್ಲದವರಲ್ಲಿ 26 ಸಾವು, ಇದ್ದವರಲ್ಲಿ 3 ಸಾವು. ಲಸಿಕೆ ಪೂರ್ತಿ ಕವಚವಲ್ಲ, ಆದರೆ ಅಪಾಯವನ್ನು ಬಹಳಷ್ಟು ತಗ್ಗಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಹಾಫ್‌ಕಿನ್ ಕೂಡ ಅದಕ್ಕಿಂತ ಹೆಚ್ಚಿನದನ್ನು ಹೇಳಿಕೊಳ್ಳಲಿಲ್ಲ.

ಅದೇ ವರ್ಷ ಪ್ಲೇಗು ನಮ್ಮ ನಾಡಿಗೂ ರೈಲಿನಲ್ಲಿ ಬಂತು. ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಮುತುವರ್ಜಿಯಲ್ಲಿ ಕೆಲವೇ ತಿಂಗಳುಗಳಲ್ಲಿ ಸುಮಾರು 38 ಸಾವಿರ ಜನ ಹಾಫ್‌ಕಿನ್ ಲಸಿಕೆ ಪಡೆದರು. ಊರಿನ ಬಹುಪಾಲು ಜನರು ಅವರು. ಅಂದಿನ ದಿನಗಳಲ್ಲಿ ಇದು ಪ್ರಪಂಚದ ಗಮನ ಸೆಳೆದ ಸಂಗತಿ. ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರನ್ನು ಮುಟ್ಟಿತು. ಜನ ಊರು ಬಿಟ್ಟು ಬಯಲುಗಳಲ್ಲಿ ಜೋಪಡಿ ಹಾಕಿದರು. ನಗರದಲ್ಲಿ ಮಲ್ಲೇಶ್ವರ, ಬಸವನಗುಡಿಗಳಂಥ ಗಾಳಿ ಬೆಳಕಿನ ಬಡಾವಣೆಗಳು ಬೆಳೆಯಲು ಆ ಪ್ಲೇಗೂ ಒಂದು ಕಾರಣ. ನಿಮ್ಮ ಮನೆಯ ಅಜ್ಜಿಯರು ತಮ್ಮ ಅಜ್ಜಿಯರಿಂದ ಕೇಳಿದ ಪ್ಲೇಗಿನ ಕಥೆಗಳನ್ನು ಹೇಳಿದ್ದರೆ, ಆ ಕಥೆಗಳ ಹಿಂದೆ ಎಲ್ಲೋ ಹಾಫ್‌ಕಿನ್ ಅವರ ಸೀಸೆಯೂ ಇದ್ದಿರಬಹುದು.

ಮುಲ್ಕೋವಾಲ್

ಈಗ ಈ ಬದುಕಿನ ಅತ್ಯಂತ ಕಹಿಯಾದ ಅಧ್ಯಾಯ. 1902ರಲ್ಲಿ ಪಂಜಾಬಿನಲ್ಲಿ ಪ್ಲೇಗು ಉಗ್ರವಾಯಿತು. ಅಲ್ಲಿಂದ ಭಾರಿ ಪ್ರಮಾಣದ ಲಸಿಕೆಗೆ ಬೇಡಿಕೆ ಬಂತು. ಬೇಗ ಬೇಗ ತಯಾರಿಸುವುದಕ್ಕಾಗಿ ಹಾಫ್‌ಕಿನ್ ತಮ್ಮ ವಿಧಾನವನ್ನು ಬದಲಿಸಿದರು. ಕಾರ್ಬಾಲಿಕ್ ಆಮ್ಲ ಬೆರೆಸುವುದನ್ನು ಕೈಬಿಟ್ಟು, ಕಾಯಿಸುವುದರಿಂದಲೇ ಶುದ್ಧಿ ಮಾಡುವ ಪಾಶ್ಚರ್ ಸಂಸ್ಥೆಯ ಕ್ರಮವನ್ನು ಅನುಸರಿಸಿದರು.

ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಕೆಲವು ದಿನಗಳಲ್ಲಿ ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತೂ ಜನ ಒಂದೇ ಸೀಸೆಯಿಂದ ಮದ್ದು ಪಡೆದವರು. ಅದೇ ದಿನ ಬಳಸಿದ ಬೇರೆ ಸೀಸೆಗಳಿಂದ ಯಾರಿಗೂ ಏನೂ ಆಗಲಿಲ್ಲ. ಪ್ಲೇಗಿನಿಂದ ಉಳಿಯಲೆಂದು ತೋಳು ಚಾಚಿದ ಹತ್ತೊಂಬತ್ತು ಜೀವಗಳು. ಅವರ ಮನೆಗಳ ದುಃಖವನ್ನು ಯಾವ ವಿವರಣೆಯೂ ಕಡಿಮೆ ಮಾಡಲಾರದು.

ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. ಸೀಸೆ ಪರೇಲಿನ ಪ್ರಯೋಗಾಲಯದಲ್ಲೇ ಮಲಿನವಾಗಿತ್ತೆಂದು ಆಯೋಗ ತೀರ್ಮಾನಿಸಿತು. ವಿಧಾನ ಬದಲಿಸಿದ್ದೇ ತಪ್ಪೆಂದಿತು. ಹಾಫ್‌ಕಿನ್ ತಮ್ಮ ಹುದ್ದೆ ಕಳೆದುಕೊಂಡು ಯೂರೋಪಿಗೆ ಮರಳಬೇಕಾಯಿತು. ಜನರ ಕಣ್ಣಿನಲ್ಲಿ ಅವರು ಹತ್ತೊಂಬತ್ತು ಸಾವುಗಳ ಹೊಣೆಗಾರರಾದರು.

ಆದರೆ ವಿಚಾರಣೆಯ ಕಡತದಲ್ಲೇ ಬೇರೊಂದು ಸಂಗತಿ ಅಡಗಿತ್ತು. ಆ ದಿನ ಹಳ್ಳಿಯಲ್ಲಿ ಸೀಸೆಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಧನುರ್ವಾಯುವಿನ ಜೀವಾಣು ಇರುವುದು ಮಣ್ಣಿನಲ್ಲಿ. ಬಿದ್ದ ಚಿಮಟವನ್ನು ಬೆಂಕಿಯಲ್ಲಿ ಕಾಯಿಸದೆ, ಕಾರ್ಬಾಲಿಕ್ ದ್ರಾವಣದಲ್ಲಿ ಅದ್ದಿ ಅದರಿಂದಲೇ ಬಿರಡೆ ಕಿತ್ತಿದ್ದರು. ಸೀಸೆ ಮುಂಬಯಿಯಲ್ಲಿ ತಯಾರಾಗಿ 41 ದಿನಗಳಾಗಿದ್ದವು. ಅಲ್ಲೇ ಮಲಿನವಾಗಿದ್ದರೆ ಅಷ್ಟು ದಿನಗಳಲ್ಲಿ ಅದು ಕೊಳೆತು ನಾರಬೇಕಿತ್ತು. ತೆರೆದಾಗ ವೈದ್ಯರು ಮೂಸಿ ನೋಡಿದ್ದರು, ದುರ್ವಾಸನೆ ಇರಲಿಲ್ಲ. ಈ ಸರಳ ತರ್ಕಕ್ಕೆ ಸಲ್ಲಬೇಕಾದ ಬೆಲೆ ಸಲ್ಲಲು ವರ್ಷಗಳೇ ಹಿಡಿದವು.

ಸತ್ಯದ ಪರವಾಗಿ ನಿಂತವರು ಮತ್ತೆ ಹಲವು ದೇಶಗಳ ವಿಜ್ಞಾನಿಗಳು. ಲಂಡನ್ನಿನ ಲಿಸ್ಟರ್ ಸಂಸ್ಥೆ ಸಾಕ್ಷ್ಯಗಳನ್ನು ಪರಿಶೀಲಿಸಿ, ಮಾಲಿನ್ಯ ಹಳ್ಳಿಯಲ್ಲೇ ಸೇರಿರುವ ಸಂಭವ ಹೆಚ್ಚೆಂದು ಹೇಳಿತು. ಭಾರತದಲ್ಲೇ ಮಲೇರಿಯಾದ ಗುಟ್ಟು ಬಿಡಿಸಿ ನೊಬೆಲ್ ಪಡೆದ ರೊನಾಲ್ಡ್ ರಾಸ್ ಪತ್ರಿಕೆಗಳಲ್ಲಿ ಹೋರಾಟ ನಡೆಸಿದರು. 1907ರ ಜುಲೈ 29ರ ಲಂಡನ್ ಟೈಮ್ಸ್ ಪತ್ರಿಕೆಯಲ್ಲಿ ಹತ್ತು ಮಂದಿ ತಜ್ಞರು ಸಹಿ ಹಾಕಿ, ಹಾಫ್‌ಕಿನ್ ಮೇಲಿನ ಆರೋಪ ಸಾಬೀತಾಗಿಲ್ಲವೆಂದು ಬರೆದರು. ಅವರಲ್ಲಿ ಅಮೆರಿಕದ ಸೈಮನ್ ಫ್ಲೆಕ್ಸ್‌ನರ್ ಕೂಡ ಇದ್ದರು. ವರ್ಷದ ಕೊನೆಗೆ ಸರ್ಕಾರ ಅವರನ್ನು ಮತ್ತೆ ಕೆಲಸಕ್ಕೆ ಕರೆಯಿತು.

ಅಷ್ಟರಲ್ಲಿ ನಡೆದ ಹಾನಿ ದೊಡ್ಡದು. ಮುಲ್ಕೋವಾಲ್ ಸುದ್ದಿ ಹರಡಿದ ಮೇಲೆ ಪಂಜಾಬಿನಲ್ಲಿ ಜನ ಲಸಿಕೆಯಿಂದ ದೂರ ಸರಿದಿದ್ದರು. 1907ರ ಒಂದೇ ವರ್ಷದಲ್ಲಿ ಆ ಪ್ರಾಂತದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಪ್ಲೇಗಿಗೆ ಬಲಿಯಾದರು. ಎಲ್ಲ ಸಾವುಗಳನ್ನೂ ಲಸಿಕೆ ತಡೆಯುತ್ತಿತ್ತೆಂದು ಹೇಳಲಾಗದು. ಆದರೆ ನಂಬಿಕೆ ಮುರಿಯದೆ ಇದ್ದಿದ್ದರೆ ಎಷ್ಟೋ ಮನೆಗಳ ದೀಪ ಉಳಿಯುತ್ತಿತ್ತು. ತಪ್ಪು ನಡೆದಾಗ ಅದನ್ನು ಬೇಗ, ಬಹಿರಂಗವಾಗಿ, ಯಾರ ಮುಖವನ್ನೂ ನೋಡದೆ ಪರಿಶೀಲಿಸುವುದು ಏಕೆ ಮುಖ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೇ?

ಕೊನೆಯ ದಿನಗಳು

ಹಾಫ್‌ಕಿನ್ ಮತ್ತೆ ಭಾರತಕ್ಕೆ ಬಂದರು. ಆದರೆ ಮುಂಬಯಿಯಲ್ಲಿ ತಾವು ಕಟ್ಟಿದ ಪ್ರಯೋಗಾಲಯಕ್ಕೆ ಮರಳಲಾಗಲಿಲ್ಲ. ಕಲ್ಕತ್ತದಲ್ಲಿ ಕೆಲಸ ಸಿಕ್ಕಿತು, ಹೊಸ ಲಸಿಕೆಗಳನ್ನು ಜನರ ಮೇಲೆ ಪರೀಕ್ಷಿಸುವ ಅವಕಾಶ ಸಿಗಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ನಿವೃತ್ತರಾಗಿ ಯೂರೋಪಿಗೆ ಹೋದರು. ಮದುವೆಯಾಗಿರಲಿಲ್ಲ. ಕೊನೆಯ ವರ್ಷಗಳಲ್ಲಿ ತಮ್ಮ ಧರ್ಮದ ಆಚರಣೆಗಳಲ್ಲಿ ಹೆಚ್ಚು ಆಸಕ್ತರಾದರು; ಗಳಿಸಿದ ಹಣವನ್ನು ತಮ್ಮ ಸಮುದಾಯದ ಬಡ ಮಕ್ಕಳು ಓದುವ ಧಾರ್ಮಿಕ ಶಾಲೆಗಳಿಗೆ ಮುಡಿಪಾಗಿಟ್ಟರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದಲ್ಲಿ ಕಣ್ಣುಮುಚ್ಚಿದರು.

ಭಾರತ ಅವರನ್ನು ಮರೆಯಲಿಲ್ಲ. 1925ರಲ್ಲೇ ಪರೇಲಿನ ಪ್ರಯೋಗಾಲಯಕ್ಕೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಡಲಾಯಿತು. ಅಷ್ಟು ಹೊತ್ತಿಗೆ ಅಲ್ಲಿಂದ 2 ಕೋಟಿ 60 ಲಕ್ಷದಷ್ಟು ಪ್ಲೇಗು ಲಸಿಕೆಗಳು ಹೊರಹೋಗಿದ್ದವು. 1964ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು.

ನಮಗಿರುವ ಪಾಠ

ಓದುಗರೇ, ಹಾಫ್‌ಕಿನ್ ಅವರ ಕಾಲದಿಂದ ಇಂದಿನವರೆಗೆ ವಿಜ್ಞಾನ ಬಹಳ ದೂರ ಬಂದಿದೆ. ಪ್ಲೇಗಿಗೆ ಈಗ ಒಳ್ಳೆಯ ಔಷಧಿಗಳಿವೆ. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿತು. 2020ರ ಜನವರಿಯಲ್ಲಿ ಚೀನಾದ ವಿಜ್ಞಾನಿಗಳು ಕೊರೋನಾ ವೈರಾಣುವಿನ ರಚನೆಯನ್ನು ಪ್ರಪಂಚಕ್ಕೆ ತೆರೆದಿಟ್ಟ ಕಾರಣ ಅದೇ ವರ್ಷದ ಕೊನೆಗೆ ಲಸಿಕೆ ಸಿದ್ಧವಾಯಿತು. ವಿದ್ಯೆಯನ್ನು ಹಂಚಿಕೊಂಡದ್ದರ ಫಲ ಅದು. ಆದರೆ ಲಸಿಕೆ ಬಂದ ಮೇಲೆ ಶ್ರೀಮಂತ ದೇಶಗಳು ತಮಗೆ ಬೇಕಾದುದಕ್ಕಿಂತ ಹೆಚ್ಚು ಕಾಯ್ದಿರಿಸಿಕೊಂಡವು. ಆಫ್ರಿಕಾದ ಬಡ ದೇಶಗಳ ದಾದಿಯರು, ವೈದ್ಯರು ಸಹ ಕಾಯಬೇಕಾಯಿತು. ಆ ಅನುಭವದ ಮೇಲೆ 2025ರ ಮೇ ತಿಂಗಳಿನಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಮಹಾಮಾರಿಗಳನ್ನು ಒಟ್ಟಾಗಿ ಎದುರಿಸುವ ಒಪ್ಪಂದವೊಂದನ್ನು ಅಂಗೀಕರಿಸಿದವು.

ಒಪ್ಪಂದಗಳು ಬೇಕು. 1897ರಲ್ಲೂ ಒಪ್ಪಂದವಿತ್ತು. ಅದು ಹಡಗುಗಳನ್ನು ತಡೆಯಬಲ್ಲದಾಗಿತ್ತು. ಭಯಗೊಂಡ ತಾಯಿಯೊಬ್ಬಳ ಮನಸ್ಸನ್ನು ಒಲಿಸಬಲ್ಲದಾಗಿರಲಿಲ್ಲ. ಆ ಕೆಲಸ ಮಾಡಿದ್ದು ತನ್ನ ಮೈಗೆ ಮೊದಲು ಸೂಜಿ ಚುಚ್ಚಿಸಿಕೊಂಡ ವಿಜ್ಞಾನಿ, ಅವನನ್ನು ನಂಬಿ ಮನೆ ಬಿಟ್ಟುಕೊಟ್ಟ ಸಮುದಾಯದ ನಾಯಕ, ಸುಳ್ಳು ಅಪವಾದ ಬಂದಾಗ ದೂರದಿಂದ ದನಿ ಎತ್ತಿದ ಹತ್ತು ಜನ.

ಸದಸ್ಯ ಬಾಂಧವರೇ, ಮುಂದೊಂದು ದಿನ ಇನ್ನೊಂದು ಮಹಾಮಾರಿ ಬಂದರೆ ನಿಮ್ಮ ಮೊಹಲ್ಲಾದ ಜನ ಮೊದಲು ನೋಡುವುದು ನಿಮ್ಮ ಮುಖವನ್ನು. ಕೇಳಿದ ಸುದ್ದಿಯನ್ನು ಹಾಗೆಯೇ ಮುಂದಕ್ಕೆ ದಾಟಿಸುವಿರೋ, ಆಗಾ ಖಾನರಂತೆ ವಿಚಾರಿಸಿ ತಿಳಿದು ಮೊದಲು ತೋಳು ಚಾಚುವಿರೋ ಎಂಬುದರ ಮೇಲೆ ಎಷ್ಟೋ ಜೀವಗಳು ನಿಂತಿರುತ್ತವೆ. ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರೋ ಒಬ್ಬರು ನಾಳೆ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿರಬಹುದು, ಸಿಕ್ಕಿದ್ದು ಗ್ರಂಥಾಲಯದ ಸಹಾಯಕನ ಕೆಲಸವೇ ಆಗಿರಬಹುದು. ಒಳಗೆ ಹೋಗಿ. ಹಾಫ್‌ಕಿನ್ ಅಲ್ಲಿಂದಲೇ ಹೊರಟರು.